ಕೇಬಲ್ಲುಗಳಿಗೆ ಜಡೆ ಹಾಕಿದವಳು

ಜಡೆಯಕ್ಕನನ್ನು ನಾನು ಮೊದಲ ಸಲ ನೋಡಿದಾಗ ಕಂಡದ್ದು ಬರೀ ಪಾದಗಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ತಂಪು ಕೋಣೆ. ಅಲ್ಲಿ ಗುಡಿಸುವುದು ನನಗೆ ಆವತ್ತು ಹೊಸ ಕೆಲಸ. ಸಾಲಾಗಿ ನಿಂತ ಕಬ್ಬಿಣದ ಬೀರುಗಳ ಹಿಂದಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಒಂದಕ್ಕೆ ಕಾಲುಚೀಲವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಯಾರೋ ಬಿದ್ದಿದ್ದಾರೆಂದು ಗಾಬರಿಯಿಂದ ಮುಂದೆ ಹೋಗುವಾಗ ನನ್ನ ಪೊರಕೆಯ ಹಿಡಿ ಕೇಬಲ್ಲೊಂದಕ್ಕೆ ತಾಗಿತು.

"ಅಲ್ಲೇ ನಿಂತ್ಕೊಳ್ಳಿ! ಉಸಿರಾಡಿ, ಆದ್ರೆ ಅಲ್ಲಾಡ್ಬೇಡಿ!" ಎಂದವು ಕಾಲುಗಳು.

ಆಮೇಲೆ ಕಾಲುಗಳ ಹಿಂದೆ ಮಿಕ್ಕ ಮೈಯೂ ಹೊರಗೆ ಬಂತು. ನಡುವಯಸ್ಸಿನ ಹೆಂಗಸು, ಗಿಡ್ಡಗೆ ಕತ್ತರಿಸಿದ ಕೂದಲು, ಕೈಯಲ್ಲಿ ಸಣ್ಣ ಪರದೆಯಿದ್ದ ಒಂದು ಯಂತ್ರ. ಬೈಗುಳ ಬೀಳುತ್ತದೆಂದು ಕಾದೆ. ಅವಳು ಕೇಳಿದ್ದು ಇಷ್ಟೇ: "ಯಾವುದಕ್ಕೆ ತಾಗ್ತು?"

"ಎಡಗಡೆಯಿಂದ ಮೂರನೇದು. ನೀಲಿ. ತಾಗಿತು ಅಷ್ಟೇ, ಎಳೀಲಿಲ್ಲ."

ಅವಳು ಯಂತ್ರವನ್ನು ಆ ಕೇಬಲ್ಲಿನ ಕುತ್ತಿಗೆಯ, ಅಂದರೆ ಚುಚ್ಚಿದ ತುದಿಯ, ಹತ್ತಿರ ಹಿಡಿದಳು. ಅದು 'ಟುಂಯ್' ಎಂದಿತು. "ಕ್ಷೇಮವಾಗಿದೆ," ಎಂದು ನಕ್ಕಳು. "ಇಲ್ಲಿ ಏನಾದ್ರೂ ಆದ್ರೆ ಎಲ್ಲರೂ 'ನಾನಲ್ಲ' ಅಂತಾರೆ. 'ಮೂರನೇದು' ಅಂದೋರು ನೀವೇ ಮೊದಲು, ದೊಡ್ಡಮ್ಮ. ಗಂಟು ಹಾಕೋಕೆ ಬರುತ್ತಾ?"

ಗಂಡ ತೀರಿಕೊಂಡ ಮೇಲೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದ ಕೈ ನನ್ನದು. ಬರುತ್ತದೆ ಎಂದೆ. ಅವಳು ಅಂದೇ ನಮ್ಮ ಮೇಸ್ತ್ರಿಯನ್ನು ಕೇಳಿ, ನನ್ನ ಮಧ್ಯಾಹ್ನಗಳನ್ನು ತನ್ನ ಕೋಣೆಗೆ ತೆಗೆದುಕೊಂಡಳು.

ಆ ಕೋಣೆಯ ಕೆಲಸ ಏನೆಂದು ಹೇಳಬೇಕು. ಮೇಲಿನ ಮಹಡಿಗಳಲ್ಲಿದ್ದ ಒಂದೊಂದು ಕಂಪ್ಯೂಟರಿನಿಂದಲೂ ಒಂದೊಂದು ಕೇಬಲ್ ಗೋಡೆಯೊಳಗೆ ಇಳಿದು ಅಲ್ಲಿಗೆ ಬರುತ್ತಿತ್ತು. ಮೊದಲು ಅವುಗಳಿಗೆ ಕಾಗದದ ಚೀಟಿ ಅಂಟಿಸಿದ್ದರಂತೆ. ಶಾಯಿ ಮಾಸಿತು, ಅಂಟು ಬಿಟ್ಟಿತು, ಯಾವ ಕೇಬಲ್ ಎಲ್ಲಿಯದೆಂದು ಹೇಳುವವರೇ ಇಲ್ಲದಾಯಿತು. ಆಗ ಜಡೆಯಕ್ಕ ಬಿಲ್ಲೆಗಳನ್ನು ತರಿಸಿದಳು. ಬೇಳೆಕಾಳಿಗಿಂತ ಸ್ವಲ್ಪ ದೊಡ್ಡದು. ಅದರೊಳಗೆ ಬ್ಯಾಟರಿಯಿಲ್ಲ. ಯಂತ್ರವನ್ನು ಹತ್ತಿರ ತಂದರೆ ರೇಡಿಯೊದ ಅಲೆ ಅದನ್ನು ಮುಟ್ಟುತ್ತದೆ, ಬಿಲ್ಲೆ ತನ್ನ ನಂಬರನ್ನು ತಿರುಗಿ ಕಳಿಸುತ್ತದೆ, ಯಂತ್ರದ ಪರದೆಯ ಮೇಲೆ ಆ ಕೇಬಲ್ಲಿನ ಜಾತಕವೆಲ್ಲ ಬರುತ್ತದೆ.

"ಕರೆದ್ರೆ ಮಾತ್ರ ಓ ಅನ್ನುತ್ತೆ, ಕರೀದಿದ್ರೆ ಗಪ್‌ಚುಪ್. ನಮ್ಮ ಮನೆಯವರಿಗಿಂತ ಎಷ್ಟೋ ವಾಸಿ," ಎನ್ನುತ್ತಿದ್ದಳು. ಅವಳ ಗಂಡ ಬಸ್ಸು ಓಡಿಸುತ್ತಿದ್ದ, ಬಾಯಿಬಡುಕ. ಸಂಜೆ ಗೇಟಿನ ಹತ್ತಿರ ಅವಳಿಗಾಗಿ ಕಾಯುವಾಗಲೂ ಕಾವಲುಗಾರನ ತಲೆ ತಿನ್ನುತ್ತಿದ್ದ.

ಒಂದು ಕೇಬಲ್ಲಿಗೆ ಎರಡು ಬಿಲ್ಲೆ. ಕೆಳಗಿನ ತುದಿಯನ್ನು ಅವಳು ತವರು ಎನ್ನುತ್ತಿದ್ದಳು, ಮೇಲಿನದನ್ನು ಗಂಡನ ಮನೆ. ನನಗೆ ಓದಲು ಬರುವುದು ಅಂಕಿ ಮತ್ತು ನನ್ನ ಹೆಸರು ಮಾತ್ರ. ಅಷ್ಟು ಸಾಕು ಎಂದಳು. ನಾನು ಬಿಲ್ಲೆ ಕಟ್ಟಿ ಗಂಟು ಹಾಕುವುದು, ಅವಳು ಯಂತ್ರ ಹಿಡಿಯುವುದು. ಕಟ್ಟಿ ಮುಗಿದ ಕೇಬಲ್ಲುಗಳನ್ನು ಅವಳು ಹಲ್ಲುಗಳಿದ್ದ ಬಾಚಣಿಗೆಯಂಥದ್ದೊಂದರಿಂದ ಬಾಚುತ್ತಿದ್ದಳು. ಒಂದಕ್ಕೊಂದು ಸಿಕ್ಕಿಲ್ಲದೆ ಅವು ಎಣ್ಣೆ ಹಚ್ಚಿ ಹೆಣೆದ ಜಡೆಯಂತೆ ಇಳಿಯುತ್ತಿದ್ದವು. ತನ್ನ ತಲೆಗೆ ಬಾಚಣಿಗೆ ತೋರಿಸದವಳಿಗೆ ಜಡೆಯಕ್ಕ ಎಂದು ಹೆಸರು ಬಂದದ್ದು ಹಾಗೆ. ಬಿಲ್ಲೆಗಳನ್ನೂ ಹಿಂದಕ್ಕೆ ಸರಿಸಿ, ಒಂದೇ ಗೆರೆಯಲ್ಲಿ, ಒಂದರ ಪಕ್ಕ ಒಂದು ಒತ್ತಿ ಕೂರಿಸುತ್ತಿದ್ದೆವು. ನೋಡಿದರೆ ಮುತ್ತಿನ ಸರ. ಬೇರೆ ಆಸ್ಪತ್ರೆಗಳಿಂದ ಜನ ಬಂದು ಆ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ಅವಳಿಗೆ ಹೆಮ್ಮೆಯಿತ್ತು. ಇರಬೇಕಾದದ್ದೇ.

ಆಮೇಲೆ ಹಳೆಯ ಬೀರುಗಳಿಂದ ಹೊಸ ಬೀರುಗಳಿಗೆ ಕೇಬಲ್ಲುಗಳನ್ನು ಬದಲಾಯಿಸುವ ಕೆಲಸ ಬಂತು. ಇದು ಗಲಾಟೆಯಿಲ್ಲದೆ ಮುಗಿದರೆ ಪಕ್ಕದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡಕ್ಕೂ ಅವಳೇ ಮುಖ್ಯಸ್ಥೆ ಎಂದು ಆಡಳಿತದ ಸಾಹೇಬರು ಮಾತು ಕೊಟ್ಟಿದ್ದರು. ಎಳೆದು ಚುಚ್ಚುವ ಕೆಲಸಕ್ಕೆ ದಿನಗೂಲಿಯ ಮೇಲೆ ಒಬ್ಬ ಬಂದ. ಅವನನ್ನು ಏಣಿಯಣ್ಣ ಎನ್ನುತ್ತಿದ್ದರು, ಏಣಿ ಇಟ್ಟುಕೊಂಡಿದ್ದನೆಂದಲ್ಲ, ಏಣಿಯೇ ಬೇಕಾಗದಷ್ಟು ಎತ್ತರವಿದ್ದ. ಕೆಲಸ ಕಾಯಂ ಆದೀತೆಂದು ಆಸೆ ಇಟ್ಟುಕೊಂಡಿದ್ದ.

ಒಂದು ಬೆಳಿಗ್ಗೆ ಜಡೆಯಕ್ಕ ಸರದ ನಡುವೆ ಯಂತ್ರ ಹಿಡಿದಳು. ಟುಂಯ್. "ಇದು ಅಡುಗೆಮನೆಯದ್ದು. ತೆಗಿ," ಎಂದಳು. ಏಣಿಯಣ್ಣ ತೆಗೆದ.

ನಾನು ಇನ್ನೊಂದು ಗಂಟು ಹಾಕಿ ಮುಗಿಸಿರಲಿಲ್ಲ, ಎಳೆಗೂಸುಗಳ ವಾರ್ಡಿನ ನರ್ಸಮ್ಮ ಮೆಟ್ಟಿಲಿಳಿದು ಓಡಿ ಬಂದಳು. "ಯಾರ್ರೀ ಅದು ಎಳೆದದ್ದು? ನಮ್ಮ ಮೇಜಿನ ಪರದೆ ಕಪ್ಪಾಗಿದೆ! ಒಂದು ಕೂಸಿನ ಉಸಿರೂ ಕಾಣ್ತಿಲ್ಲ!"

ಜಡೆಯಕ್ಕ ಏಣಿಯಣ್ಣನ ಕೈಯಿಂದ ಕೇಬಲ್ ಕಿತ್ತು ಅದೇ ತೂತಿಗೆ ಚುಚ್ಚಿದಳು. ಪುಟ್ಟ ಹಸಿರು ದೀಪ ಮಿಣುಕಿತು. ಮೇಲೆ ಇನ್ನೊಬ್ಬ ನರ್ಸು ತೊಟ್ಟಿಲುಗಳ ನಡುವೆಯೇ ನಿಂತಿದ್ದಳು, ಕೂಸುಗಳ ಪಕ್ಕದ ಯಂತ್ರಗಳು ನಿಂತಿರಲಿಲ್ಲ. ಯಾವ ಕೂಸಿಗೂ ಏನೂ ಆಗಲಿಲ್ಲ. ಆದರೂ ಜಡೆಯಕ್ಕನ ತುಟಿ ಬಿಳಿಚಿಕೊಂಡದ್ದನ್ನು ನಾನು ನೋಡಿದೆ.

ಸಾಹೇಬರು ಬಂದರು. "ಎಳೆದದ್ದು ಯಾರು?"

ಏಣಿಯಣ್ಣ ಕೈಯೆತ್ತಿದ. ಅವನ ಕೈ ಸೂರಿಗೆ ತಾಗುವಂತಿತ್ತು.

"ನಾಳೆಯಿಂದ ಬರಬೇಡ." ಆಮೇಲೆ ಅವಳ ಕಡೆ ತಿರುಗಿ ಮೆತ್ತಗೆ ಹೇಳಿದರು, "ನೀನು ಕೆಲಸ ಮುಂದುವರಿಸಮ್ಮ. ನಾನು ಹೇಳಿದ ಮಾತು ಹಾಗೇ ಇದೆ."

ಅವಳು ಯಂತ್ರವನ್ನು ಸರದ ಒಂದು ಕಡೆ ಹಿಡಿದು ಪರದೆ ನೋಡಿದಳು. ಪಕ್ಕದ ಕೇಬಲ್ಲಿಗೆ ಹಿಡಿದಳು. ಅಲ್ಲಿಯೂ ಅದೇ ನಂಬರು ಬಂತು. ಮತ್ತೆ ಹಿಡಿದಳು. ನಾನೂ ಅಂಕಿ ನೋಡಿದೆ, ಅದೇ.

"ಅವನು ಬರೀ ಕೈ, ಸಾರ್. ಮಾತು ನಂದು," ಎಂದಳು. "ಬಿಲ್ಲೆಗಳನ್ನ ಹೀಗೆ ಒತ್ತೊತ್ತಿಗೆ ಕೂರಿಸಿದ್ದು ನಾನು, ಚೆಂದಕ್ಕೆ ಅಂತ. ಕೂಸುಗಳ ವಾರ್ಡಿನ ಕೇಬಲ್ಲನ್ನ ಕರೆದೆ, ಪಕ್ಕದ ಅಡುಗೆಮನೆಯ ಬಿಲ್ಲೆ ಓ ಅಂದಿದೆ. ನಾನು ನಂಬ್ಕೊಂಡು ತೆಗಿ ಅಂದೆ."

"ಯೋಚನೆ ಮಾಡಿ ಮಾತಾಡು. ಹೀಗೆ ಹೇಳಿದ್ರೆ ಹೊಸ ಕಟ್ಟಡ ನಿನ್ನ ಕೈಗೆ ಕೊಡೋಕಾಗಲ್ಲ."

"ಗೊತ್ತು ಸಾರ್."

ಏಣಿಯಣ್ಣ ಹಿಂದಿನಿಂದ, "ಬಿಡಿ ಅಕ್ಕ, ನಂಗೆ ಬೇರೆ ಕಡೆ ಕೆಲಸ ಸಿಗುತ್ತೆ," ಎಂದ.

"ಸುಮ್ನಿರೋ. ಉದ್ದ ಬೆಳೆದ್ರೆ ಆಯ್ತಾ? ಈ ತಪ್ಪನ್ನ ನೀನು ಹೊತ್ಕೊಂಡ್ ಹೋದ್ರೆ ತಪ್ಪು ಹೋಗಲ್ಲ, ನೀನು ಮಾತ್ರ ಹೋಗ್ತೀಯ. ನಾಳೆ ಇನ್ನೊಬ್ಬ ಬಂದು ಅದೇ ಕೇಬಲ್ ಎಳೀತಾನೆ."

ನಾನು ಎಷ್ಟೋ ಕಡೆ ಕೂಲಿ ಮಾಡಿದ್ದೇನೆ. ಮೇಲಿನವರ ತಪ್ಪು ನೀರಿನ ಹಾಗೆ ಕೆಳಕ್ಕೇ ಹರಿದು ಬರುವುದನ್ನು ನೋಡಿದ್ದೇನೆ. ಒಬ್ಬರು ಅಂಗೈ ಅಡ್ಡ ಹಿಡಿದು ಅದನ್ನು ತಡೆದದ್ದನ್ನು ಕಂಡದ್ದು ಅಲ್ಲಿ ಮಾತ್ರ.

ಸಾಹೇಬರು ಕೆಟ್ಟವರಲ್ಲ. ಏಣಿಯಣ್ಣನನ್ನು ಉಳಿಸಿಕೊಂಡರು. ಆದರೆ ಹೊಸ ಕಟ್ಟಡವೂ ಈ ಕೋಣೆಯೂ ಬೇರೆಯವರ ಪಾಲಾದವು. ಜಡೆಯಕ್ಕನನ್ನು ಊರಾಚೆಯ ಸಣ್ಣ ಚಿಕಿತ್ಸಾಲಯಕ್ಕೆ ಹಾಕಿದರು. ಹೋಗುವ ಮೊದಲು ತನ್ನ ಗೋಡೆಯನ್ನು ತಾನೇ ಬಿಚ್ಚಲು ಅವಳು ಸಮಯ ಕೇಳಿ ಪಡೆದಳು.

ಆ ಜಡೆಗಳನ್ನೆಲ್ಲ ಬಿಚ್ಚಿದೆವು. ಒಂದು ಬಿಲ್ಲೆ ಕೇಬಲ್ಲಿನ ಕುತ್ತಿಗೆಯಲ್ಲಿ, ಪಕ್ಕದ ಕೇಬಲ್ಲಿನದು ಒಂದು ಗೇಣು ಹಿಂದೆ, ಮತ್ತೊಂದು ಕುತ್ತಿಗೆಯಲ್ಲಿ. ಯಾವ ಬಿಲ್ಲೆಯೂ ಇನ್ನೊಂದರ ಮಗ್ಗುಲಿಗೆ ಬರಬಾರದು. ಕೇಬಲ್ ತೆಗೆಯುವ ಮೊದಲು ಮೇಲೊಬ್ಬರು ಇನ್ನೊಂದು ಯಂತ್ರ ಹಿಡಿದು ನಿಲ್ಲಬೇಕು. ತವರೂ ಗಂಡನ ಮನೆಯೂ ಒಂದೇ ಮಾತು ಹೇಳಿದರೆ ಮಾತ್ರ ಕೈ ಹಾಕುವುದು. ಕೆಲಸ ಮುಗಿದಾಗ ಗೋಡೆ ಸೊಟ್ಟ ಹಲ್ಲಿನ ಬಾಯಿಯಂತೆ ಕಂಡಿತು. ಫೋಟೊ ತೆಗೆಯಲು ಯಾರೂ ಬರುವಂತಿರಲಿಲ್ಲ. ಅವಳು ಒಂದೊಂದನ್ನೂ ಮುಟ್ಟಿ ಯಂತ್ರ ಹಿಡಿದಳು. ಕರೆದದ್ದೇ ಓ ಅಂದಿತು.

"ಬೆಕ್ಕು ಆಡಿ ಬಿಟ್ಟ ನೂಲುಂಡೆ," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಹೊರಟ ದಿನ ಯಂತ್ರವನ್ನು ಏಣಿಯಣ್ಣನ ಕೈಗೆ ಕೊಟ್ಟಳು. ಹೊರಗೆ ಅವಳ ಗಂಡ ಕಾವಲುಗಾರನಿಗೆ ಏನೋ ದೊಡ್ಡ ಕತೆ ಹೇಳುತ್ತಿದ್ದ. ಅವಳು ಬಾಗಿಲ ತನಕ ಹೋದವಳು ತಿರುಗಿ ನನ್ನ ಹತ್ತಿರ ಬಂದಳು.

"ದೊಡ್ಡಮ್ಮ, ಹೊಸದಾಗಿ ಬರೋರು ಒಳ್ಳೆಯವರೇ. ಆದ್ರೆ ಈ ಗೋಡೆ ನೋಡಿ ಅವರಿಗೂ ಬೇಜಾರಾಗುತ್ತೆ. ಎಲ್ಲವನ್ನೂ ಒಂದೇ ಸಾಲಿಗೆ ತಂದು ಚೆಂದ ಮಾಡಿ ಅಂತ ನಿಮಗೇ ಹೇಳ್ತಾರೆ. ಆವತ್ತು ಅವರ ಮುಖ ನೋಡ್ಕೊಂಡು, ಆಗಲ್ಲ ಅಂತೀರಾ?"