ಕಾಕಿ ಕೂತಿದ್ದ ಕನ್ನಡಿ

ಹೋದ ವಾರ ಸರ್ವಿಸಿಂಗಿಗೆ ಬಿಟ್ಟಿದ್ದ ಕಾರು ತರಲು ಹೋಗಿದ್ದೆ. ತೊಳೆದು ಒರೆಸುವ ಭರದಲ್ಲಿ ಅಲ್ಲಿಯವರು ಕನ್ನಡಿಗಳನ್ನೆಲ್ಲ ಮನಸ್ಸಿಗೆ ಬಂದಂತೆ ತಿರುಗಿಸಿಟ್ಟಿದ್ದರು. ಬಲಗಡೆಯದು ಆಕಾಶ ನೋಡುತ್ತಿತ್ತು, ಎಡಗಡೆಯದು ನೆಲ. ತಲೆಯೆತ್ತಿ ಒಳಗಿನದನ್ನು ನೋಡಿದೆ... ಅದರ ತುಂಬ ಹಿಂದಿನ ಸೀಟು. ಖಾಲಿ ಸೀಟು. ನನ್ನ ಕಾರಿನಲ್ಲಿ ಅದು ಯಾವತ್ತೂ ಖಾಲಿಯೇ. ಪಕ್ಕದ ಸೀಟಿನಲ್ಲೂ ಛತ್ರಿ, ಔಷಧಿ ಚೀಲ, ಮತ್ತು ಗಾಳಿ ಹೊಡೆಯುವ ಪಂಪು ಕೆಟ್ಟರೆ ಇರಲಿ ಅಂತ ಇಟ್ಟುಕೊಂಡ ಇನ್ನೊಂದು ಪಂಪು. ಇವೇ ನನ್ನ ಜೊತೆಗಾರರು. ಹಾಗಾಗಿ ಎದೆ ಝಲ್ಲೆನ್ನಲು ಕಾರಣವೇನೂ ಇರಲಿಲ್ಲ. ಆದರೂ ಅಂದಿತು. ಒಳಗಿನ ಕನ್ನಡಿಯನ್ನು ಬೇಕಂತಲೇ ಹಾಗೆ ತಿರುಗಿಸಿಟ್ಟುಕೊಂಡು ಕಾರು ಓಡಿಸುತ್ತಿದ್ದ ಒಬ್ಬರನ್ನು ನಾನು ಬಲ್ಲೆ.

ತೊಂಬತ್ತರ ದಶಕದ ನಡುವೆ, ಆಳಂದ ತಾಲೂಕಿನ ಸರಸಂಬಾದಿಂದ ಬಂದ ನನಗೆ ಜೇವರ್ಗಿಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಒಂಟಿ ಜೀವ, ಒಂದು ಬಾಡಿಗೆ ಕೋಣೆ. ಪಕ್ಕದ ದೊಡ್ಡ ಮನೆಯವರು ಊರಿಗೆ ತೊಗರಿ ವ್ಯಾಪಾರದ ಸಾವಕಾರರು, ನನಗೆ ಕಾಕಾ. ಅವರ ಹೆಂಡತಿ ಕಾಕಿ. ಮದುವೆಯಾದ ಹೊಸದರಲ್ಲಿ ಬಂದ ಒಂದು ಜ್ವರ ಕಾಕಿಯ ಎರಡೂ ಕಿವಿ ಒಯ್ದಿತ್ತು. ಮಾತು ಮಾತ್ರ ಸ್ಪಷ್ಟ, ಮತ್ತು ಜೋರು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಎಲ್ಲರದೂ ಅಲ್ಲ, ಕಾಕಾರದು ಮಾತ್ರ.

ಆ ಮನೆಯೋ ಜಾತ್ರೆ. ಕಾಕಾರ ತಾಯಿ, ಅಣ್ಣಂದಿರು, ಅವರ ಹೆಂಡಿರು ಮಕ್ಕಳು. ಹಿರಿಯರ ಮುಂದೆ ಗಂಡ ಹೆಂಡತಿ ಎದುರುಬದುರು ನಿಂತು ಮಾತಾಡುವುದು ಅಲ್ಲಿ ಬೇಅದಬಿ, ಮರ್ಯಾದೆಗೇಡು. ಉಳಿದ ದಂಪತಿಗಳು ಪಿಸುಮಾತಿನಲ್ಲಿ ಸಂಸಾರ ಸಾಗಿಸುತ್ತಿದ್ದರು. ಕಾಕಿಗೆ ಆ ಅನುಕೂಲವೂ ಇರಲಿಲ್ಲ. ಅವರು ಪಿಸುಗುಟ್ಟಿದ್ದು ಅಂಗಳ ದಾಟಿ ನನ್ನ ಕೋಣೆಗೂ ಕೇಳುತ್ತಿತ್ತು. ಆದ್ದರಿಂದ ಮನೆಯಲ್ಲಿ ಅವರಿಬ್ಬರೂ ಮಾತೇ ಆಡುತ್ತಿರಲಿಲ್ಲ. ಮಾತೆಲ್ಲ ಅಮಾವಾಸ್ಯೆಗೆ ಮೀಸಲು.

ಅಮಾವಾಸ್ಯೆಗೊಮ್ಮೆ ಅಂದೋಲಾದ ಮಠಕ್ಕೆ ಕಾಕಾರ ಹಳೆಯ ಅಂಬಾಸಿಡರ್ ಹೊರಡುತ್ತಿತ್ತು. ಗಂಡ ಹೆಂಡತಿ ಇಬ್ಬರೇ ಹೋದರೆ ಚೆನ್ನಾಗಿರುವುದಿಲ್ಲವೆಂದು ಕಾಕಾರ ತಾಯಿ ನನ್ನನ್ನೂ ಹತ್ತಿಸುತ್ತಿದ್ದರು. ಮುಂದಿನ ಸೀಟು ಗಂಡಸಿಗೆ, ಹಾಗಾಗಿ ಅದು ನನಗೆ. ಕಾಕಿ ಸೆರಗು ಹೊದ್ದು ಹಿಂದೆ. ಊರು ದಾಟಿತೋ ಇಲ್ಲವೋ, ಕಾಕಾ ಒಳಗಿನ ಕನ್ನಡಿಯನ್ನು ಕೆಳಗೆ ಬಾಗಿಸುತ್ತಿದ್ದರು. ಅದರೊಳಗೆ ಕಾಕಿ ಬಂದು ಕೂತುಬಿಡುತ್ತಿದ್ದರು. ಕಾಕಾ ದನಿ ತೆಗೆಯದೆ ಬರೀ ತುಟಿ ಆಡಿಸುತ್ತಿದ್ದರು, ಕಾಕಿ ಕನ್ನಡಿಯಲ್ಲಿ ಓದಿ ಉತ್ತರ ಕೊಡುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ಕೇಳಿಸುತ್ತಿದ್ದದ್ದು ಅರ್ಧ ಮಾತು.

"ಬ್ಯಾಳಿಯೊಳಗ ಉಪ್ಪು ಹೆಚ್ಚಾಗಿದ್ದು ನನ್ನ ಕೈಯಿಂದಲ್ರಿ. ನಿಮ್ಮ ವೈನಿಯವ್ರು ಎರಡನೇ ಸಲ ಹಾಕಿದ್ರು."

ಕಾಕಾರ ತುಟಿ ಆಡುತ್ತಿತ್ತು.

"ಹಂಗ ನಗಬ್ಯಾಡ್ರಿ. ಬಾಜೂಕ ಮಾಸ್ತರ್ ಅದಾರ."

ಮಾಸ್ತರ್ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ, ಇಲ್ಲದ ಬ್ರೇಕನ್ನು ಕಾಲಿನಿಂದ ತುಳಿಯುತ್ತ ಕೂತಿರುತ್ತಿದ್ದ. ನನ್ನ ಚಿಂತೆಗೆ ಕಾರಣವಿತ್ತು. ಆಗಿನ ಬಹಳ ಕಾರುಗಳಂತೆ ಅದಕ್ಕೂ ಎಡಗಡೆ ಕನ್ನಡಿ ಇರಲಿಲ್ಲ. ಬಲಗಡೆಯದರಲ್ಲಿ ಕಾಕಾರಿಗೆ ತಮ್ಮ ಕಾರಿನ ಬಾಗಿಲೇ ಕಾಣಬೇಕು. ಹೊಸದಾಗಿ ಬಣ್ಣ ಹೊಡೆಸಿದ್ದರು, ಯಾವ ಎತ್ತಿನ ಕೋಡು ಗೀರುತ್ತದೋ ಅಂತ. ಒಂದು ಕನ್ನಡಿ ಬಣ್ಣಕ್ಕೆ, ಒಂದು ಹೆಂಡತಿಗೆ. ರಸ್ತೆಗೆ ಒಂದೂ ಇರಲಿಲ್ಲ.

"ಕಾಕಾ, ಹಿಂದಿಂದ ಯಾರರ ಬಂದ್ರ ಹ್ಯಾಂಗ್ರಿ?" ಅಂತ ಒಮ್ಮೆ ಕೇಳಿದ್ದೆ.

"ಹಾರ್ನ್ ಹೊಡೀತಾರ. ಫಿಕರ್ ಮಾಡಬ್ಯಾಡ್ರಿ ಮಾಸ್ತರ್, ಅನ್ನ ಅರಗಲ್ಲ."

ತೊಗರಿ ರಾಶಿಯ ದಿನಗಳಲ್ಲಿ ಒಂದು ಅಮಾವಾಸ್ಯೆ. ಮುಂದೆ ತೊಗರಿ ಕಟ್ಟಿಗೆ ಹೇರಿದ ಎತ್ತಿನ ಗಾಡಿ ರಸ್ತೆಯನ್ನೆಲ್ಲ ಹೊದ್ದುಕೊಂಡು ಹೋಗುತ್ತಿತ್ತು. ಹಿಂದೆ ಕಾಕಿ ಏನೋ ಹೇಳಿ ತಾವೇ ನಗುತ್ತಿದ್ದರು. ಕಾಕಾ ಕನ್ನಡಿಯಲ್ಲಿ ಆ ನಗು ನೋಡುತ್ತಲೇ ಗಾಡಿಯನ್ನು ಹಿಂದೆ ಹಾಕಲು ಕಾರನ್ನು ಬಲಕ್ಕೆ ಎಳೆದರು. ಅದೇ ಹೊತ್ತಿಗೆ ನಮ್ಮ ಬಲ ಮಗ್ಗುಲಲ್ಲಿ, ಯಾವ ಕನ್ನಡಿಗೂ ಸಿಗದ ಮೂಲೆಯಲ್ಲಿ, ಹಾಲಿನವನೊಬ್ಬನ ಮೋಟರ್ ಸೈಕಲ್ ಇತ್ತು. ನಾನು ಚೀರಿದೆ. ಅವನು ಹೊಲಕ್ಕಿಳಿದು ಉರುಳಿದ. ಕ್ಯಾನು ಬಿದ್ದು ಹಾಲೆಲ್ಲ ಎರೆ ಮಣ್ಣು ಕುಡಿಯಿತು.

ಪುಣ್ಯಕ್ಕೆ ಮೊಳಕೈ ತರಚಿದ್ದಷ್ಟೇ. ಮಣ್ಣು ಕೊಡವಿಕೊಂಡು ಎದ್ದವನೇ ಅಂದ: "ಸಾವಕಾರ್ರ, ಗಾಡಿಗೆ ಕನ್ನಡಿ ಯಾಕ ಹಚ್ಚೀರಿ? ಗಡ್ಡ ಕೆರಕೊಳ್ಳಾಕೇನು? ಮನ್ಯಾಗ ಎರಡು ಕೂಸು ಅದಾವ್ರಿ ನನಗ!"

ಕಾಕಾ ಕೈಮುಗಿದು ನಿಂತುಬಿಟ್ಟರು. ಕಾರಿನೊಳಗಿಂದ ಕಾಕಿ "ಏನಂದ? ಅಂವ ಏನಂದ?" ಅಂತ ಕೇಳುತ್ತಲೇ ಇದ್ದರು. ಮತ್ತೆ ಬಂದು ಕೂತ ಕಾಕಾ ಕನ್ನಡಿಯ ಕಡೆ ನೋಡಲೇ ಇಲ್ಲ.

ಮರುದಿನ ಮುಂಜಾನೆ ಅಂಗಳದಲ್ಲಿ ಕನ್ನಡಿ ಹೊಂದಿಸುವ ಕೆಲಸ ನಡೆಯಿತು. ನಾನೂ ಕಾರಿನ ಬಾಗಿಲ ಹತ್ತಿರ ನಿಂತಿದ್ದೆ. ಕಾಕಾ ಸ್ಟೇರಿಂಗ್ ಹಿಂದೆ ಕೂತು ಮೊದಲು ಒಳಗಿನದನ್ನು ನೆಟ್ಟಗೆ ಮಾಡಿ ಹಿಂದಿನ ಗಾಜಿಗೆ ಇಟ್ಟರು. ಆಮೇಲೆ ಕಾಕಿಯನ್ನು ಕರೆದು ಕಾರಿನ ಹಿಂದಿನಿಂದ ಬಲ ಮಗ್ಗುಲಿಗೆ ನಿಧಾನ ನಡೆಯಲು ಸನ್ನೆ ಮಾಡಿದರು. ಕಾಕಿ ಒಳಗಿನ ಕನ್ನಡಿಯಿಂದ ಜಾರಿದರು. ಹೊರಗಿನದಕ್ಕೆ ಬರಲಿಲ್ಲ.

"ಈಗ ಎಲ್ಲಿದ್ದೇನ್ರಿ ನಾನು?" ಅಂತ, ಮನೆಯ ರೀತಿ ಮರೆತ ಕಾಕಿಯ ದನಿ ಓಣಿಗೆಲ್ಲ ಕೇಳಿತು.

ಕಾಕಾರ ಮುಖ ಸಣ್ಣದಾಯಿತು. "ಮಾಸ್ತರ್, ಅಷ್ಟು ಸಮೀಪ ನಿಂತಾಳ, ಎರಡರಾಗೂ ಇಲ್ಲ ನೋಡ್ರಿ," ಅಂದರು. ಹೊರಗಿನ ಕನ್ನಡಿಯನ್ನು ಚೂರುಚೂರೇ ಆಚೆಗೆ ತಳ್ಳಿದರು. ಹೊಸ ಬಣ್ಣದ ಬಾಗಿಲು ಕನ್ನಡಿಯಿಂದ ಸರಿಯುತ್ತ ಹೋಗಿ, ಬರೀ ಅಂಚು ಉಳಿದಾಗ, ಕಾಕಿಯ ಸೆರಗು ಕಂಡಿತು, ಆಮೇಲೆ ಕಾಕಿ. ಈಗ ಒಂದು ಕನ್ನಡಿ ಬಿಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಕಾಕಾರ ತಾಯಿ, "ಎಲ್ಲಾರೂ ಮಠಕ್ಕ ಸುತ್ತ ಹಾಕಿದ್ರ, ನಮ್ಮ ಸೊಸಿ ಕಾರಿಗೆ ಸುತ್ತ ಹಾಕಾಕತ್ತಾಳ" ಅಂದರು. ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ, ಇನ್ನು ಬದುಕಿದೆ ಅಂತ.

ಮುಂದಿನ ಅಮಾವಾಸ್ಯೆಗೆ ತಿಳಿಯಿತು ಏನಾಗಿದೆ ಅಂತ. ರಸ್ತೆಯೆಲ್ಲ ಕನ್ನಡಿಯೊಳಗೆ ಬಂದಿತ್ತು, ಕಾಕಿ ಹೊರಗೆ ಹೋಗಿದ್ದರು. ಅವರಿಗೆ ಕಾಣುತ್ತಿದ್ದದ್ದು ಗಂಡನ ಕುತ್ತಿಗೆಯ ಹಿಂಭಾಗ. "ಹತ್ತಿಗಿಂತ ತೊಗರಿನೇ ಚಲೋ ಆತಲ್ರಿ ಈ ಸಲ?" ಅಂದರು. ಕಾಕಾ ರಸ್ತೆ ನೋಡುತ್ತ ತಲೆಯಾಡಿಸಿದರು. ತಲೆಯಾಡಿಸಿದರೆ ಮಾತು ಎಷ್ಟು ದೂರ ಹೋದೀತು? ನಾನು ಹಿಂದಕ್ಕೆ ತಿರುಗಿ ತುಟಿ ಆಡಿಸಿ ನೋಡಿದೆ. "ಮಾಸ್ತರ್, ನಿಮ್ಮ ಮೀಸಿ ಅಡ್ಡ ಬರ್ತಾವು, ಬಿಡ್ರಿ," ಅಂದುಬಿಟ್ಟರು ಕಾಕಿ. ವಾಪಸು ಬರುವಾಗ ಒಂದು ಮಾತೂ ಇಲ್ಲ. ಇಡೀ ತಿಂಗಳು ಕೂಡಿಟ್ಟುಕೊಂಡು ಬಂದ ಮಾತನ್ನು ಹಾಗೇ ಮನೆಗೆ ಒಯ್ದರು. ಕಾಕಾರ ಕೈ ಎರಡು ಸಲ ಕನ್ನಡಿಯವರೆಗೆ ಹೋಯಿತು... ಮುಟ್ಟದೆ ಇಳಿಯಿತು.

ಅದರ ಮುಂದಿನ ಅಮಾವಾಸ್ಯೆ, ಊರಿನ ಕೊನೆಯ ಮನೆ ದಾಟಿದ ಕೂಡಲೇ ಕಾಕಿ ಗಂಡನ ಭುಜ ತಟ್ಟಿದರು. "ನಿಲ್ಲಸ್ರಿ." ಇಳಿದು ಬಂದು ನನ್ನ ಬಾಗಿಲು ತೆಗೆದರು. "ಮಾಸ್ತರ್, ನೀವು ಹಿಂದ ಹೋಗ್ರಿ."

ಕಾಕಾ ಗಾಬರಿಯಿಂದ ತುಟಿ ಆಡಿಸಿದರು.

"ನೋಡ್ಲಿ! ಇಲ್ಲಿ ಬರೇ ಹೊಲ ಬಿಟ್ಟು ಯಾರದಾರ?" ಅಂದರು ಕಾಕಿ.

ಬಾಗಿಲಿಗೆ ಬೆನ್ನು ಕೊಟ್ಟು, ಗಂಡನ ಕಡೆ ಓರೆಯಾಗಿ ಕೂತರು. ಕಾಕಾ ತಿರುಗಬೇಕಾಗಿರಲಿಲ್ಲ, ಕೆನ್ನೆಯ ಕಡೆಯಿಂದಲೇ ತುಟಿ ಓದುವುದು ಕಾಕಿಗೆ ಸಾಧ್ಯವಿತ್ತು. ಎರಡು ತಿಂಗಳ ಮಾತು ಒಮ್ಮೆಗೇ ಹೊರಟಿತು. ಹಿಂದೆ ನಾನು ಆ ಅಗಲ ಸೀಟಿನ ನಡುವೆ ರಾಜನ ಹಾಗೆ ಕೂತಿದ್ದೆ, ಅಷ್ಟರಲ್ಲಿ ಕಾಕಾ ದನಿ ತೆಗೆದರು:

"ಮಾಸ್ತರ್, ಜರಾ ಮೂಲಿಗೆ ಸರೀರಿ. ಕನ್ನಡ್ಯಾಗ ನಿಮ್ಮ ತಲಿ ಬಿಟ್ಟು ಬ್ಯಾರೆ ಏನೂ ಕಾಣವಲ್ದು."

ಸರಿದೆ. ಕನ್ನಡಿಯಿಂದಲೂ ಹೊರಗೆ. ಕಾರು ಈಗ ನಿಜವಾಗಿಯೂ ಸುರಕ್ಷಿತವಾಗಿತ್ತು, ನನಗೆ ಚಿಂತಿಸಲು ಏನೂ ಉಳಿದಿರಲಿಲ್ಲ. ಮುಂದೆ ಕಾಕಿಯ ನಗು, ನಡುನಡುವೆ ಕಾಕಾರ ಮೌನ, ಹಿಂದೆ ನಾನು. ಇಬ್ಬರು ಅಷ್ಟು ಮಾತಾಡುವ ಜಾಗದಲ್ಲಿ ಮೂರನೆಯವನಾಗಿ ಕೂರುವುದು ಏನೆಂದು ಆ ಮೂಲೆ ನನಗೆ ಕಲಿಸಿತು. ಊರು ಬರುವ ಮುಂಚೆ ಕಾಕಿ ಮತ್ತೆ ಹಿಂದೆ, ನಾನು ಮತ್ತೆ ಮುಂದೆ. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅಫಜಲಪುರಕ್ಕೆ ವರ್ಗವಾಗುವವರೆಗೂ ನನ್ನ ಅಮಾವಾಸ್ಯೆಗಳು ಹೀಗೇ ಕಳೆದವು.

ಕಾಕಿ ತೀರಿಹೋದ ಸುದ್ದಿ ಅಫಜಲಪುರಕ್ಕೆ ತಡವಾಗಿ ಬಂತು. ಹೋದೆ. ಮನೆಯಲ್ಲಿ ಅದೇ ಗದ್ದಲ, ನಡುವೆ ಕಾಕಾ. ವ್ಯಾಪಾರದವರು ಬಂದರೆ ದನಿ ತೆಗೆದು ಚೆನ್ನಾಗಿಯೇ ಮಾತಾಡುತ್ತಿದ್ದರು. ಅವರು ಹೋದ ಮೇಲೆ ತುಟಿ ಮಾತ್ರ ಆಡುತ್ತಿತ್ತು. "ಜಪ ಮಾಡಾಕತ್ತಾರ" ಅಂದರು ಮನೆಯವರು, ಭಕ್ತಿಯಿಂದ.

ಹೊರಡುವಾಗ ನನ್ನ ಕೈ ಹಿಡಿದುಕೊಂಡರು. ತುಟಿ ಆಡಿಸಿದರು, ದನಿಯಿಲ್ಲದೆ, ಬಹಳ ಹೊತ್ತು. ನಡುವೆ ಒಮ್ಮೆ ನಿಂತು ನನ್ನ ಮುಖ ನೋಡಿದರು, ಉತ್ತರಕ್ಕೆ ಕಾಯುವವರ ಹಾಗೆ. ನನಗೆ ಒಂದಕ್ಷರವೂ ಹತ್ತಲಿಲ್ಲ. "ಹೌದ್ರಿ ಕಾಕಾ," ಅಂದೆ. ಅವರ ಮುಖ ಸಡಿಲಾಯಿತು, ಕೈ ಬಿಟ್ಟರು.

ಈಗ ಕಾಕಾ ಕೂಡ ಇಲ್ಲ. ಹೋಗಿ ಎಷ್ಟೋ ವರ್ಷವಾಯಿತು. ಊಟ ಆತೇನು ಅಂತ ಕೇಳಿದ್ದರೋ, ಆಕಿ ಹೋಗಿದ್ದು ಖರೇನಾ ಅಂತ ಕೇಳಿದ್ದರೋ... ಯಾವುದಕ್ಕೆ ಹೌದು ಅಂದೆ ಎಂದು ಈ ವಯಸ್ಸಿನಲ್ಲೂ ಚಿಂತೆ ಮಾಡುತ್ತೇನೆ. ಕೇಳಿ ತಿಳಿಯೋಣವೆಂದರೆ, ಅವರ ತುಟಿ ಓದಲು ಬರುತ್ತಿದ್ದದ್ದು ಒಬ್ಬರಿಗೇ.