ಮಂಜೂರಾದ ಮೇಲೆ ಬೇಡವಾದ ಸಾಲ

ನಿವೃತ್ತಳಾಗುವ ಹಿಂದಿನ ವರ್ಷ ನಾನು ಅಂಕೋಲೆಯ ಬ್ಯಾಂಕೊಂದರಲ್ಲಿ ಶಾಖಾ ಮ್ಯಾನೇಜರ್ ಆಗಿದ್ದೆ. ಮನೆ ಕಾರವಾರದಲ್ಲಿ, ದಿನಾ ಬಸ್ಸಿನ ಓಡಾಟ. ಕಾಲೇಜು ಸೇರುವ ದಿನಗಳು ಬಂದವೆಂದರೆ ಶಿಕ್ಷಣ ಸಾಲಕ್ಕೆ ಮೇಲಿನ ಕಚೇರಿಯಿಂದ ಟಾರ್ಗೆಟ್ ಬರುತ್ತಿತ್ತು. ಅದರ ವಾಸನೆ ಹಿಡಿದು, ಸೀಟಿಗಿಷ್ಟು ಎಂದು ಕಮಿಷನ್ ಪಡೆಯುವ ಕಾಲೇಜು ಏಜೆಂಟರು ಬರುತ್ತಿದ್ದರು. ಏಜೆಂಟರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಈಗಲೂ ಅಷ್ಟೇ.

ಅಂಥವನೊಬ್ಬ ಬಾಳೆಗುಳಿ ಕಡೆಯ ಬೊಮ್ಮಣ್ಣನನ್ನೂ ಅವರ ಮಗಳು ಸವಿತಾಳನ್ನೂ ಕರೆತಂದ. ಬೊಮ್ಮಣ್ಣನಿಗೆ ಒಂದು ತುಂಡು ಗದ್ದೆ, ನಾಲ್ಕು ಗೇರುಮರ, ಉಳಿದಂತೆ ಕೂಲಿ. ದೂರದೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಏಳು ಲಕ್ಷ ಸಾಲ ಕೇಳಿದ್ದರು. ಪರಿಶೀಲನೆಯೆಲ್ಲ ಮುಗಿದು, ಅಂದು ಕೊನೆಯ ಮಾತುಕತೆ. ಸಿಇಟಿ ಏನಾಯಿತೆಂದು ಹುಡುಗಿಯನ್ನು ಕೇಳಿದೆ.

“ಮಾಜಾಳಿಲಿ ಸರ್ಕಾರಿ ಕಾಲೇಜಲ್ಲಿ ಸೀಟು ಸಿಕ್ಕಿದೆ ಅಕ್ಕೋರೆ. ಸೇರೂಕೆ ನಾಳೆ ಕಡೇ ದಿನ.”

“ಮತ್ತೆ ಈ ಸಾಲ ಎಂತಕೆ?” ಎಂದೆ.

ಬೊಮ್ಮಣ್ಣನಿಗೆ ಸಿಟ್ಟು ಬಂತು. “ಬ್ಯಾಂಕಿನೋರು ಯಾರನ್ನ ನಂಬೂದಿಲ್ವೋ ಅವ್ರ ಮಕ್ಕಳೇ ಸರ್ಕಾರಿ ಕಾಲೇಜಿಗೆ ಹೋಗೂದಂತೆ, ಏಜೆಂಟ್ರು ಹೇಳ್ದ್ರು. ನನ್ನಪ್ಪಂಗೆ ಬ್ಯಾಂಕಿನ ಮೆಟ್ಲು ಹತ್ತೂಕೂ ಬಿಟ್ಟಿರ್ಲಿಲ್ಲ. ನಂಗೂ ಹಂಗೇ ಮಾಡ್ತ್ರಿ?”

 ಸಾಲ ಸಿಗುವುದೇ ಮರ್ಯಾದೆ ಎಂದು ಏಜೆಂಟ್ ಅವರ ತಲೆಯಲ್ಲಿ ತುಂಬಿದ್ದ. ಆದರೆ ತಮ್ಮ ಅಪ್ಪನ ಬಗ್ಗೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ನಾನು ಇಲ್ಲ ಎಂದಿದ್ದರೆ ಅವರು ಅದೇ ಹಟದಲ್ಲಿ ಬೇರೆ ಬ್ಯಾಂಕಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಹುಡುಗಿಯ ಸೀಟು ಕೈತಪ್ಪುತ್ತಿತ್ತು.

ಅವರೆದುರೇ ಸಾಲ ಮಂಜೂರು ಮಾಡಿ ಸಹಿ ಹಾಕಿದೆ. “ಬೊಮ್ಮಣ್ಣ, ಬ್ಯಾಂಕು ನಿಮ್ಮನ್ನ ನಂಬಿದೆ. ಬೇಕೋ ಬೇಡವೋ ಹೇಳುವವರು ಇನ್ನು ನೀವು,” ಎಂದೆ.

ಆಮೇಲೆ ಏಜೆಂಟ್ ಹೇಳದೇ ಬಿಟ್ಟದ್ದನ್ನು ಬಿಡಿಸಿ ಹೇಳಿದೆ. ಮೊರಟೋರಿಯಂ ಎಂದರೆ ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ ಎಂದಷ್ಟೇ. ಹಣ ಕೊಟ್ಟ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಸರ್ಕಾರದ ಬಡ್ಡಿ ಸಹಾಯಧನ ಆ ಸೀಟಿಗೆ ಸಿಗುವಂತಿರಲಿಲ್ಲ. ಸಹ-ಸಾಲಗಾರ ಎಂದರೆ ಸಾಕ್ಷಿಯಲ್ಲ. ಮಗಳಿಗೆ ಕೆಲಸ ಸಿಗದಿದ್ದರೆ ಸಾಲ ತೀರಿಸಬೇಕಾದವರು ಬೊಮ್ಮಣ್ಣನೇ. ಬರೀ ಸಾಕ್ಷಿಗೆ ಸಹಿ ಎಂದು ಅವರಿಗೆ ಹೇಳಲಾಗಿತ್ತು.

ಏಜೆಂಟ್ ಬಾಯಿ ಹಾಕಿದ. “ಮೇಡಂ, ಸಾಲ ಇಲ್ದೆ ಈ ಕಾಲದಲ್ಲಿ ಯಾರು ಓದ್ತಾರೆ?”

“ನಾ ಓದ್ತೆ,” ಎಂದಳು ಸವಿತಾ. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಹುಡುಗಿ ಎದ್ದೇ ನಿಂತಳು. “ಅಪ್ಪಾ, ಮಾಜಾಳಿಗೆ ಬಸ್ ಅದೆ, ಪಾಸ್ ಕೊಡ್ತ್ರು. ನಿಂಗೆ ಬ್ಯಾಂಕಿನೋರು ಸಾಲ ಕೊಟ್ಟೂ ಆಯ್ತು. ಸಿಕ್ತು ಹೇಳಿ ತಕಳೂಕೇ ಬೇಕಾ?”

ಬೊಮ್ಮಣ್ಣ ನನ್ನ ಸಹಿಯನ್ನೇ ಸ್ವಲ್ಪ ಹೊತ್ತು ನೋಡಿದರು. “ಅಕ್ಕೋರೆ, ನೀವು ಕೊಟ್ರಿ. ನಂಗೇ ಬ್ಯಾಡ,” ಎಂದರು. ಏನು ಗತ್ತು ಆ ದನಿಯಲ್ಲಿ! ಖುಷಿಗೆ ನನ್ನ ಕಣ್ಣು ತುಂಬಿತು. ಏಜೆಂಟ್ ಚಹಾ ಕೂಡ ಕುಡಿಯದೆ ಜಾಗ ಖಾಲಿ ಮಾಡಿದ.

ಮರುದಿನ ಸವಿತಾ ಮಾಜಾಳಿಯಲ್ಲಿ ಸೇರಿದಳು. ಆ ವರ್ಷದ ಗೇರುಬೀಜದ ಹಣ ಫೀಸಿಗೆ ಹೋಯಿತು. ಮುಂದಿನ ವರ್ಷಗಳಿಗೆ ವಿದ್ಯಾರ್ಥಿವೇತನ ನೆರವಾಯಿತು. ನಾಲ್ಕು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಓದು ಮುಗಿಸಿದಳು.

ಮೇಲಿನ ಕಚೇರಿ ಮಾತ್ರ ನನ್ನನ್ನು ಬಿಡಲಿಲ್ಲ. ಮಂಜೂರಾದ ಸಾಲದ ಹಣ ಯಾಕೆ ಹೋಗಲಿಲ್ಲ ಎಂದು ಆ ತಿಂಗಳೇ ಸಾಹೇಬರ ಫೋನು.

“ಅವರ ಮನವೊಲಿಸಬಹುದಿತ್ತಲ್ಲ?”

“ಅದನ್ನೇ ಮಾಡಿದೆ, ಸರ್.”

ಆ ವರ್ಷದ ನನ್ನ ವರದಿಯಲ್ಲಿ ಎರಡು ಕೆಟ್ಟ ಮಾತು ಸೇರಿದವು. ಸೇರಲಿ. ನಾನು ಶಿಕ್ಷಣ ಸಾಲದ ವಿರೋಧಿಯಲ್ಲ. ಬೇರೆ ದಾರಿಯೇ ಇಲ್ಲದ ಮಕ್ಕಳಿಗೆ ಜಾಮೀನಿಗಾಗಿ ಸತಾಯಿಸದೆ ಎಷ್ಟೋ ಸಾಲ ಕೊಟ್ಟಿದ್ದೇನೆ, ಅದಕ್ಕೂ ಬೈಸಿಕೊಂಡಿದ್ದೇನೆ. ಆದರೆ ಸಾಲವಿಲ್ಲದೆ ಕಾಲೇಜೇ ಇಲ್ಲ ಎಂದು ಯಾರಾದರೂ ಹೇಳಿದರೆ, ಅದರಲ್ಲಿ ನಿನಗೆಷ್ಟು ಸಿಗುತ್ತದೆ ಎಂದು ಮೊದಲು ಕೇಳಿ. ಹೇಳಿದವರು ಬ್ಯಾಂಕ್ ಮ್ಯಾನೇಜರ್ ಆಗಿದ್ದರೂ ಕೇಳಿ.