ಎಡಗಾಲಿನ ಎಲುಬು

ಸತ್ತವರು ತಿರುಗಿ ಬರುತ್ತಾರೆ ಎಂದರೆ ನಾನು ಇಂದಿಗೂ ನಂಬುವುದಿಲ್ಲ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಎಷ್ಟೋ ಜನರ ಕೊನೆಯ ಉಸಿರು ನನ್ನೆದುರಿಗೇ ನಿಂತಿದೆ. ಅವರಲ್ಲಿ ಒಬ್ಬರೂ ಮರಳಿ ಬಂದು ನನ್ನನ್ನು ಮಾತಾಡಿಸಿಲ್ಲ. ಮನೆಯಲ್ಲೂ ನಮ್ಮನ್ನು ಹಾಗೆಯೇ ಬೆಳೆಸಿದರು. ಅಪ್ಪ ಬಸ್ ಕಂಡಕ್ಟರ್. ನಾನು ಹುಟ್ಟುವ ಮೊದಲೇ ಬುದ್ಧನ ದಾರಿ ಹಿಡಿದವನು. ಗಾಳಿ, ದೆವ್ವ, ಮೈಮೇಲೆ ಬರುವುದು ಎಂದು ಯಾರಾದರೂ ಶುರು ಮಾಡಿದರೆ "ಕಣ್ಣಿಗೆ ಕಂಡದ್ದು ಹೇಳ್ರಿ, ಕೇಳಿದ್ದು ಬ್ಯಾಡ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ. ಹಾಗಾಗಿ ನಾನೂ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುತ್ತೇನೆ. ಅದರ ಅರ್ಥವೇನು ಎಂದು ಮಾತ್ರ ನನ್ನನ್ನು ಕೇಳಬೇಡಿ.

ಆಗ ನನಗೆ ಹದಿನೆಂಟು. ನಮ್ಮೂರು ದುಂಡಸಿ ಬಿಟ್ಟು ಮೊದಲ ಸಲ ಹಾಸ್ಟೆಲ್ ಸೇರಿದ್ದೆ, ನರ್ಸಿಂಗ್ ಮೊದಲ ವರ್ಷ. ಅನಾಟಮಿ ಮತ್ತು ಫಿಸಿಯಾಲಜಿ ಎಂಬ ಪಾಠ ಕೇಳಿ ಮೊದಲ ತಿಂಗಳೇ ಅರ್ಧ ಹುಡುಗಿಯರು ಅತ್ತಿದ್ದೆವು. ಮೈಯಲ್ಲಿ ಇನ್ನೂರ ಆರು ಎಲುಬು, ಒಂದೊಂದಕ್ಕೂ ನಾಲಿಗೆ ಹೊರಳದ ಹೆಸರು. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿದ ನಾನು ಸ್ನಾನದ ಮನೆಯಲ್ಲಿ ನನ್ನ ಮೈಯನ್ನೇ ಮುಟ್ಟಿಕೊಂಡು ಬಾಯಿಪಾಠ ಮಾಡುತ್ತಿದ್ದೆ. ಭುಜಕ್ಕೆ ಸಾಬೂನು ಹಚ್ಚುವಾಗ ಒಂದು ಹೆಸರು, ಮೊಣಕಾಲಿಗೆ ಇನ್ನೊಂದು.

ನಮ್ಮ ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿ ಇದ್ದವು ನಿಜವಾದ ಎಲುಬುಗಳು. ಎಲ್ಲಿಂದ ಬಂದವೋ ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಅನಾಟಮಿ ಮೇಡಂ ಅವುಗಳಲ್ಲಿ ಒಂದನ್ನು ತೆಗೆದು ಎಲ್ಲರ ಕೈಗೂ ದಾಟಿಸಿದರು. ಮೊಣಕಾಲಿನಿಂದ ಪಾದದ ಹರಡಿನವರೆಗಿನ ದಪ್ಪ ಎಲುಬು, ಟಿಬಿಯಾ. ನಡುವೆ ಒಂದು ಗಂಟು, ಅಲ್ಲಿಂದ ಕೆಳಗೆ ತುಸು ವಾರೆ.

"ಇಲ್ಲಿ ಬೆರಳಾಡಿಸಿ ನೋಡ್ರಿ" ಎಂದರು ಮೇಡಂ. "ಮುರಿದ ಎಲುಬು ತಾನಽ ಕೂಡ್ತೈತಿ. ಆದ್ರ ಸರಿಯಾಗಿ ಕಟ್ಟಲಿಲ್ಲಂದ್ರ ಹಿಂಗ ಡೊಂಕ ಕೂಡ್ತೈತಿ. ಹೆಂಗಸಿಂದು ಇರಬೇಕು ಇದು, ಸಣ್ಣೈತಿ."

ನಾನೂ ಬೆರಳಾಡಿಸಿದೆ. ಪರೀಕ್ಷೆಗೆ ಬಂದರೆ ಎರಡು ಅಂಕ ಎಂದುಕೊಂಡೆ. ಅದಕ್ಕಿಂತ ಹೆಚ್ಚೇನೂ ನನಗೆ ಅನ್ನಿಸಲಿಲ್ಲ, ಇದನ್ನು ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ.

ಇಲ್ಲಿ ನಮ್ಮ ಮನೆಯ ಒಂದು ಹಳೆಯ ಸಂಗತಿ ಹೇಳಬೇಕು. ಅಪ್ಪನಿಗೆ ನೀಲವ್ವ ಎಂಬ ಅಕ್ಕ ಇದ್ದಳು. ನಾನು ಅವಳನ್ನು ನೋಡಿಲ್ಲ. ಹನ್ನೆರಡು ವರ್ಷದವಳಿದ್ದಾಗ ಮೇವು ಹೇರಿದ ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳಂತೆ. ಊರಲ್ಲೇ ಯಾರೋ ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಕಾಲು ಕೂಡಿತು, ಆದರೆ ನಡೆಯುವಾಗ ಎಳೆಯುವುದು ನಿಲ್ಲಲಿಲ್ಲ. ಅಪ್ಪನ ಅವ್ವ, ನಾವು ಆಯಿ ಅನ್ನುತ್ತಿದ್ದೆವು, ಮಗಳು ಮದುವೆಯಾಗಿ ಹೋಗುವವರೆಗೆ ಆ ಕಾಲಿಗೆ ದಿನಾ ಔಡಲೆಣ್ಣೆ ತಿಕ್ಕಿದಳು. ಹದಿನೇಳಕ್ಕೆ ಹಿರೇಕೆರೂರು ಕಡೆ ಮಾಸೂರಿಗೆ ಕೊಟ್ಟರು. ಅಲ್ಲಿ ಎರಡು ಕೂಸು ಹುಟ್ಟಿದ ದಿನವೇ ಹೋದವು. ಐದನೆಯ ವರ್ಷ ಪಂಚಮಿಗೆ ತವರಿಗೆ ಬರುತ್ತೇನೆಂದು ಹೇಳಿ ಕಳಿಸಿದಳು, ಒಬ್ಬಳೇ ಬಸ್ ಹತ್ತಿದಳು. ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅವಳನ್ನು ನೋಡಿ ಮಾತಾಡಿಸಿದ್ದರು. ಅಲ್ಲಿಂದ ಮುಂದೆ ಅವಳನ್ನು ಕಂಡವರಿಲ್ಲ. ಪೊಲೀಸರಿಗೆ ಹೇಳಿದರು, ಹುಡುಕಿದರು, ಆಮೇಲೆ ಅವಳ ಹೆಸರು ತೆಗೆಯುವುದನ್ನೇ ಬಿಟ್ಟರು. ಅಪ್ಪ ಕಂಡಕ್ಟರ್ ಕೆಲಸಕ್ಕೆ ಸೇರಿದ್ದೇ ಅವಳನ್ನು ಹುಡುಕಲಿಕ್ಕೆ ಎಂದು ನನ್ನ ಅವ್ವ ಒಮ್ಮೆ, ಒಮ್ಮೆ ಮಾತ್ರ, ನನಗೆ ಹೇಳಿದ್ದಳು.

ಮೇಡಂ ಆ ಎಲುಬು ತೋರಿಸಿದ ವಾರದ ಶನಿವಾರ ಕಾಲೇಜಿನಲ್ಲಿ ಎಲುಬುಗಳನ್ನು ಹಂಚಿದರು. ಸೋಮವಾರ ಮೌಖಿಕ ಪರೀಕ್ಷೆ, ಅಲ್ಲಿಯವರೆಗೆ ಓದಿಕೊಳ್ಳಿ ಎಂದು. ಚೀಟಿ ಎತ್ತಿದಾಗ ನನಗೆ ಬಂದದ್ದು ಎಡಗಾಲು. ತೊಡೆಯ ಎಲುಬು, ಆ ಗಂಟಿನ ಟಿಬಿಯಾ, ಪಕ್ಕದ ತೆಳ್ಳನೆಯ ಎಲುಬು. ರಿಜಿಸ್ಟರಿನಲ್ಲಿ ಸಹಿ ಮಾಡಿ, ಮೂರನ್ನೂ ಹಳೆಯ ದುಪಟ್ಟಾದಲ್ಲಿ ಸುತ್ತಿ, ಬ್ಯಾಗಿನ ತಳಕ್ಕಿಟ್ಟು ಜಿಪ್ ಎಳೆದೆ. ಮನೆಯಲ್ಲಿ ಯಾರಿಗೂ ತಿಳಿಸುವ ಯೋಚನೆ ಇರಲಿಲ್ಲ. ಶಿಗ್ಗಾವಿಯಲ್ಲಿ ಬಸ್ ಬದಲಿಸಿ ಮಧ್ಯಾಹ್ನ ಎರಡರ ಸುಮಾರಿಗೆ ದುಂಡಸಿಗೆ ಬಂದೆ.

ಅವ್ವ ಹತ್ತಿ ಬಿಡಿಸಲು ಹೋಗಿದ್ದಳು, ಅಪ್ಪ ಡ್ಯೂಟಿಯ ಮೇಲಿದ್ದ. ಪಡಸಾಲೆಯಲ್ಲಿ ಆಯಿ ಒಬ್ಬಳೇ. ಅವಳ ಕಣ್ಣು ಹೋಗಿ ಆರು ವರ್ಷವಾಗಿತ್ತು. ಹಿಂದಿನ ವರ್ಷ ಬಿದ್ದು ಸೊಂಟ ಮುರಿದ ಮೇಲೆ ಮಂಚವೇ ಗತಿ. ಎಬ್ಬಿಸಿ ಕೂಡಿಸಲು ಇಬ್ಬರು ಬೇಕಾಗುತ್ತಿತ್ತು.

ನಾನಿನ್ನೂ ಚಪ್ಪಲಿ ಬಿಡುತ್ತಿದ್ದೆ. "ಕೂಸ, ಯಾರವ್ವಾ ನಿನ್ನ ಸಂಗಾಟ ಬಂದಾರು?" ಎಂದಳು.

"ಯಾರೂ ಇಲ್ಲ ಆಯಿ. ನಾ ಒಬ್ಬಾಕೀನ ಬಂದೇನಿ."

"ಇಬ್ಬರ ಹೆಜ್ಜಿ ಕೇಳ್ತಲ್ಲ. ಒಬ್ಬಾಕಿ ಕಾಲು ಎಳಕೋತ ಬಂದ್ಲು."

ಬೀದಿಯಲ್ಲಿ ಯಾರೋ ಹೋಗಿರಬೇಕು ಎಂದೆ. ಬ್ಯಾಗನ್ನು ಗೋಡೆಯ ಎತ್ತರದ ಗೂಟಕ್ಕೆ ತೂಗುಹಾಕಿದೆ. ಆ ಗೂಟ ನನಗೇ ತುದಿಗಾಲ ಮೇಲೆ ನಿಂತರೆ ಸಿಗುತ್ತಿತ್ತು. ನಲ್ಲಿಗೆ ನೀರು ಬಿಟ್ಟಿದ್ದರು. ಬಾಗಿಲಿನ ಹೊರಗಿನ ಚಿಲಕ ಹಾಕಿಕೊಂಡು ಕೊಡ ಹಿಡಿದು ಹೋದೆ. ಎರಡು ಕೊಡ ತುಂಬುವಷ್ಟು ಹೊತ್ತು, ಹೆಚ್ಚೆಂದರೆ ಕಾಲು ಗಂಟೆ. ಬಂದಾಗ ಚಿಲಕ ಹಾಕಿದಂತೆಯೇ ಇತ್ತು.

ಆಯಿ ಮಂಚದ ಮೇಲೆ ಎದ್ದು ಕೂತಿದ್ದಳು. ಎರಡೂ ಕಾಲು ಕೆಳಗೆ ಇಳಿಬಿಟ್ಟಿದ್ದಳು. ಮಡಿಲಲ್ಲಿ ಆ ಎಲುಬು ಇತ್ತು. ತನ್ನ ಸೊಂಟಕ್ಕೆಂದು ದಿಂಬಿನ ಪಕ್ಕ ಇಟ್ಟಿರುತ್ತಿದ್ದ ಔಡಲೆಣ್ಣೆಯಲ್ಲಿ ಬೆರಳದ್ದಿ, ಮೇಲಿನಿಂದ ಕೆಳಗೆ, ಮೇಲಿನಿಂದ ಕೆಳಗೆ, ನಿಧಾನಕ್ಕೆ ತಿಕ್ಕುತ್ತಿದ್ದಳು. ಗಂಟು ಬಂದಲ್ಲಿ ಕೈ ಹಗುರ ಮಾಡುತ್ತಿದ್ದಳು, ನೋಯುತ್ತದೆಯೇನೋ ಎಂಬಂತೆ.

ನಾನು ಮೊದಲು ಗೋಡೆ ನೋಡಿದೆ. ಬ್ಯಾಗು ಗೂಟದಲ್ಲೇ ಇತ್ತು. ಜಿಪ್ ಮುಚ್ಚಿತ್ತು.

"ಆಯಿ, ಅದನ್ನ ಯಾರು ಕೊಟ್ರು ನಿನಗ?"

"ಆಕೀನ ಕೊಟ್ಲು, ನೀಲಿ."

"ಅದು ಕಾಲೇಜಿಂದು ಆಯಿ. ಓದಾಕ ತಂದೇನಿ."

"ಓದಾಕಿ ನೀನು. ಹೆತ್ತಾಕಿ ನಾನು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಗಂಟಿಗೆ ಐದು ವರ್ಷ ಎಣ್ಣಿ ತಿಕ್ಕೇನಿ. ಕೈಗೆ ಗೊತ್ತಾಗುದಿಲ್ಲೇನು? ಭಾಳ ನಡದಾಳವ್ವಾ ಹುಡುಗಿ. ಭಾಳ ಸೊರಗ್ಯಾಳ."

ನಾನು ಬ್ಯಾಗು ಇಳಿಸಿ ತೆರೆದೆ. ದುಪಟ್ಟಾ ಸುತ್ತಿದ್ದು ಸುತ್ತಿದಂತೆಯೇ ಇತ್ತು. ಬಿಚ್ಚಿದರೆ ಒಳಗೆ ಎರಡೇ ಎಲುಬು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕೊಡ ಹೊರಗೆ ಕಟ್ಟೆಯ ಮೇಲೆಯೇ ಉಳಿಯಿತು.

ಸಂಜೆ ಅವ್ವ ಬಂದಳು, ಸ್ವಲ್ಪ ಹೊತ್ತಿಗೆ ಅಪ್ಪ. ನಾನು ಇದ್ದದ್ದು ಇದ್ದಂತೆ ಹೇಳಿದೆ. ಅಪ್ಪ ನನ್ನ ಮೇಲೆ ಸಿಡಿದ. "ಇಂಥಾದ್ದು ಮನಿಗೆ ಯಾಕ ತಂದಿ? ನೀನ ಬಿಚ್ಚಿಟ್ಟು ಮರ್ತಿರ್ತಿ. ಮುದುಕಿ ಕೈಗೆ ಸಿಕ್ಕೈತಿ." ಅದೇ ನಿಜವಾಗಿರಲಿ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಆಗ ಆಯಿ ದನಿ ಬಂದ ಕಡೆ ಮುಖ ತಿರುಗಿಸಿ ಹೇಳಿದಳು.

"ಮುಟ್ಟಿ ನೋಡಪಾ. ನಿನ್ನ ಬಗಲಾಗ ಎತಗೊಂಡು ತಿರಿಗ್ಯಾಳ, ಈ ಕಾಲಿಲೆ."

ಅಪ್ಪ ಮುಟ್ಟುವುದಿಲ್ಲ ಎಂದುಕೊಂಡೆ. ಅವನು ಯೂನಿಫಾರ್ಮಿನಲ್ಲೇ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳನ್ನು ಗಂಟಿನ ಮೇಲಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಹಿತ್ತಿಲಿಗೆ ಹೋದ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಲೇ ಇತ್ತು. ಮರಳಿ ಬಂದಾಗ ಕಣ್ಣು ಕೆಂಪಾಗಿದ್ದವು. "ಸಹಿ ಮಾಡಿ ತಂದೀದಿ. ಸೋಮವಾರ ಒಯ್ದು ಕೊಟ್ಟುಬಿಡು" ಎಂದ. ಅದು ಅವಳೋ ಅಲ್ಲವೋ ಎಂದು ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಭಾನುವಾರವಿಡೀ ಆಯಿ ಅದನ್ನು ಬಿಡಲಿಲ್ಲ. ಊಟದ ಹೊತ್ತಿಗೆ ಇನ್ನೊಂದು ತಾಟು ಕೇಳಿದಳು. ಅವ್ವ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿ ಇಟ್ಟಳು. ಸೋಮವಾರ ನಸುಕಿನಲ್ಲಿ ನಾನು ಮಂಚದ ಹತ್ತಿರ ನಿಂತೆ. ಕಿತ್ತುಕೊಳ್ಳಬೇಕಾದರೆ ಹೇಗಪ್ಪಾ ಎಂದುಕೊಳ್ಳುತ್ತಿದ್ದೆ. ಆಯಿ ತಾನೇ ಚಾಚಿದಳು.

"ಒಯ್ಯವ್ವಾ. ಪಂಚಮಿಗೆ ಬರ್ತೇನಿ ಅಂದಿದ್ಲು, ಬಂದ್ಲು." ಆಮೇಲೆ ಅವ್ವನಿಗೆ, "ಮನಿ ಮಗಳನ್ನ ಬರಿಗೈಲೆ ಕಳಸಬಾರ್ದು. ಒಂದು ಕುಬಸದ ಕಣ ಕೊಡು" ಎಂದಳು.

ಅವ್ವ ಟ್ರಂಕು ತೆಗೆದು ಹಸಿರು ರವಿಕೆ ಕಣ ತಂದಳು, ಒಂದು ಹಿಡಿ ಅಕ್ಕಿ ಹಾಕಿದಳು, ಎಲುಬನ್ನು ಅದರಲ್ಲಿ ಸುತ್ತಿ ಕೊಟ್ಟಳು. ಮದುವೆಯಾದ ಹೆಣ್ಣುಮಗಳು ತವರಿನಿಂದ ಹೊರಟಾಗ ಉಡಿ ತುಂಬುತ್ತಾರಲ್ಲ, ಹಾಗೆ. ಅಪ್ಪ ಬಾಗಿಲಲ್ಲಿ ನಿಂತಿದ್ದ. ಇವೆಲ್ಲ ಮೂಢನಂಬಿಕೆ ಎಂದು ಅವನು ಆ ದಿನ ಅನ್ನಲಿಲ್ಲ. ಬಸ್ಸಿನಲ್ಲಿ ನಾನು ಬ್ಯಾಗನ್ನು ಕೆಳಗಿಡದೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಕಾಲೇಜಿನಲ್ಲಿ ಬಟ್ಟೆ ಬಿಚ್ಚಿ, ಎಣ್ಣೆ ಒರೆಸಿ, ಮೂರೂ ಎಲುಬು ಒಪ್ಪಿಸಿದೆ. ವಾಸನೆ ಹೋಗಿರಲಿಲ್ಲ. ಪರೀಕ್ಷೆಯಲ್ಲಿ ಮೇಡಂ ಅದನ್ನೇ ನನ್ನ ಕೈಗೆ ಕೊಟ್ಟು, "ಇದು ಯಾವುದು ಹೇಳು" ಎಂದರು. ಟಿಬಿಯಾ ಎಂದು ಹೇಳಬೇಕಿತ್ತು. ನಮ್ಮತ್ತಿ ಎಂಬ ಮಾತು ಬಾಯಿಗೆ ಬಂತು. ಎರಡನ್ನೂ ಹೇಳಲಾಗದೆ ಅತ್ತುಬಿಟ್ಟೆ. ಓದಿಲ್ಲ ಎಂದುಕೊಂಡು ಸೊನ್ನೆ ಹಾಕಿದರು. ಮರುದಿನ ಅವರ ಕೋಣೆಗೆ ಹೋಗಿ, ಈ ಎಲುಬು ಯಾರದು, ಎಲ್ಲಿಂದ ಬಂತು ಎಂದು ಕೇಳಿದೆ. "ನಾ ಕೆಲಸಕ್ಕ ಸೇರೂ ಮೊದಲಽ ಇದ್ವು. ವಾರಸುದಾರರಿಲ್ಲದ ಹೆಣ ದೊಡ್ಡ ಕಾಲೇಜಿಗೆ ಹೋಗ್ತಾವು, ಅಲ್ಲಿಂದ ಎಲುಬು ಹಿಂಗ ಕೈಯಿಂದ ಕೈಗೆ ಬರ್ತಾವು. ಹೆಸರು ಯಾರು ಬರ್ದಿಡ್ತಾರು?" ಎಂದರು. ಯಾಕೆ ಕೇಳುತ್ತೀ ಎಂದಾಗ ಸುಮ್ಮನೆ ಅಂದೆ.

ನಾಲ್ಕು ತಿಂಗಳಿಗೆ ಆಯಿ ತೀರಿಕೊಂಡಳು. ಆ ಶನಿವಾರದ ನಂತರ ಅವಳು ಒಮ್ಮೆಯೂ ತಾನಾಗಿ ಎದ್ದು ಕೂರಲಿಲ್ಲ.

ರಕ್ತ ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹದಿನೆಂಟರ ಹುಡುಗಿಗೆ ಅಷ್ಟು ಧೈರ್ಯ ಇರಲಿಲ್ಲ. ಧೈರ್ಯ ಬಂದದ್ದು ಕೊನೆಯ ವರ್ಷ. ಅಷ್ಟರಲ್ಲಿ ಬೀರುವಿನಲ್ಲಿ ಹೊಸ ಪ್ಲಾಸ್ಟಿಕ್ ಎಲುಬುಗಳು ಬಂದಿದ್ದವು, ಒಂದೊಂದಕ್ಕೂ ಬೇರೆ ಬಣ್ಣ. ಹಳೆಯವನ್ನು ಹೂಳಿದರು ಎಂದು ಒಬ್ಬರು, ಬೇರೆಲ್ಲಿಗೋ ಕಳಿಸಿದರು ಎಂದು ಇನ್ನೊಬ್ಬರು. ಒಂದು ಭಾನುವಾರ ಕಾಂಪೌಂಡಿನ ಹಿಂದೆ ಮಣ್ಣು ಸಡಿಲಿದ್ದ ಕಡೆಯೆಲ್ಲ ನೋಡುತ್ತಾ ತಿರುಗಿದೆ. ಅಗೆಯಲಿಲ್ಲ.

ಅಪ್ಪ ಈಗ ನಿವೃತ್ತ. ಇಷ್ಟು ವರ್ಷ ಅವನು ಆ ಮಾತು ಎತ್ತಿರಲಿಲ್ಲ. ಹೋದ ವರ್ಷ ರಜೆಗೆ ಹೋದಾಗ, ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದೆವು, ಇದ್ದಕ್ಕಿದ್ದಂತೆ ಕೇಳಿದ.

"ಅದು ಯಾವ ಕಾಲಿಂದು?"

ಯಾವುದು ಎಂದು ನಾನು ಕೇಳಲಿಲ್ಲ. "ಎಡಗಾಲು ಅಪ್ಪ."

ಅವನು ಲೋಟ ಕೆಳಗಿಟ್ಟ. "ಅಕ್ಕಂದು ಬಲಗಾಲು ಅಂತ ನನ್ನ ನೆನಪು. ಇಷ್ಟು ವರ್ಷ ಬಸ್ಸಿನ್ಯಾಗ ಬಲಗಾಲು ಎಳಿಯೋರನ್ನಽ ನೋಡೇನಿ ನಾ."

ಅನಾಟಮಿಯಲ್ಲಿ ಎಡ ಬಲ ಎಂದರೆ ಆ ದೇಹದ ಎಡ ಬಲ, ಎದುರು ನಿಂತು ನೋಡುವವರದ್ದಲ್ಲ. ಎದುರಿನಿಂದ ನಡೆದು ಬರುವವಳ ಎಡಗಾಲು ನಮಗೆ ಬಲಕ್ಕೆ ಕಾಣುತ್ತದೆ. ಸಣ್ಣ ತಮ್ಮ ಅಕ್ಕನನ್ನು ಹಾಗೆಯೇ ನೋಡಿ, ಹಾಗೆಯೇ ನೆನಪಿಟ್ಟುಕೊಂಡಿರಬಹುದು. ಅಪ್ಪನಿಗೆ ಇದನ್ನು ವಿವರಿಸಲು ಬಾಯಿ ತೆರೆದೆ. ಆಗ ಹೊಳೆಯಿತು: ಅದು ನಿಜವಾದರೆ ಬಸ್ಸಿನಲ್ಲಿ ಅವನು ಮೂವತ್ತು ವರ್ಷ ಹುಡುಕಿದ್ದು ತಪ್ಪು ಕಾಲನ್ನು. ಅವನ ನೆನಪೇ ಸರಿಯಾಗಿದ್ದರೆ ಆಯಿ ಎಣ್ಣೆ ತಿಕ್ಕಿ, ಊಟ ಬಡಿಸಿ, ಉಡಿ ತುಂಬಿ ಕಳಿಸಿದ್ದು ಯಾವ ತಾಯಿಯ ಮಗಳನ್ನೋ. ಆಯಿ ಎಂದೂ ಎಡ ಎಂದಾಗಲಿ ಬಲ ಎಂದಾಗಲಿ ಹೇಳಿರಲಿಲ್ಲ. ನೀಲವ್ವನದೊಂದು ಫೋಟೋ ಕೂಡ ಇಲ್ಲ.

ನಾನು ಅಪ್ಪನ ಲೋಟ ಎತ್ತಿಕೊಂಡು ಒಳಗೆ ಹೋದೆ. ಅವನು ಕತ್ತಲಾಗುವವರೆಗೂ ಅಲ್ಲೇ ಕೂತು ರಸ್ತೆ ನೋಡುತ್ತಿದ್ದ.